ಯಾರ ಏಳು ಗಂಟೆ?

ನನ್ನ ಗಂಡನ ಹೆಸರು ಮಶಾಕ. ನಮ್ಮ ಸ್ವಾಹಿಲಿಯಲ್ಲಿ ಹಾಗೆಂದರೆ ಅನುಮಾನ. ಅವನು ಹೊಟ್ಟೆಯಲ್ಲಿ ಆರು ತಿಂಗಳಿದ್ದಾಗ ಅವನಪ್ಪ ಮೀನಿಗೆ ಹೋದವನು ವಾಪಸು ಬರಲಿಲ್ಲ. ದೋಣಿಯೂ ಸಿಗಲಿಲ್ಲ, ಹೆಣವೂ ಸಿಗಲಿಲ್ಲ. ಗಂಡ ಇದ್ದಾನೋ ಸತ್ತನೋ, ತಾನು ವಿಧವೆ ಹೌದೋ ಅಲ್ಲವೋ ತಿಳಿಯದೆ ನನ್ನ ಅತ್ತೆ ಮಗುವಿಗೆ ಆ ಹೆಸರಿಟ್ಟಳು. ನಮ್ಮ ಕಡೆ ಹೀಗೇ. ಹುಟ್ಟುವಾಗ ಮನೆಯಲ್ಲಿ ಏನು ನಡೆಯುತ್ತಿತ್ತೋ ಅದನ್ನೇ ಮಗುವಿನ ಕೊರಳಿಗೆ ಕಟ್ಟಿಬಿಡುತ್ತಾರೆ.

ಐವತ್ತಮೂರು ವರ್ಷವಾದರೂ ಆ ಹೆಸರು ಅವನನ್ನು ಬಿಟ್ಟಿಲ್ಲ. ಅವನು ಓಡಿಸುವುದು ಬಜಾಜಿ, ಅಂದರೆ ಮೂರು ಗಾಲಿಯ ಬಾಡಿಗೆ ಗಾಡಿ. ದಾರ್ ಎಸ್ ಸಲಾಮಿನಲ್ಲಿ ಅಷ್ಟು ಮೆಲ್ಲಗೆ ಬಜಾಜಿ ಓಡಿಸುವವನು ಇನ್ನೊಬ್ಬನಿಲ್ಲ. ಹಿಂದಿನವರು ಹಾರನ್ ಹೊಡೆದು ಹೊಡೆದು ಸುಸ್ತಾಗಿ, ಬೈದು ಮುಂದೆ ಹೋಗುತ್ತಾರೆ. ಮನೆಗೆ ಬೀಗ ಹಾಕಿ ಹತ್ತು ಹೆಜ್ಜೆ ಹೋದವನು ತಿರುಗಿ ಬಂದು ಎಳೆದು ನೋಡುತ್ತಾನೆ. ಇದ್ದಿಲು ಆರಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಿ ಕೈ ಸುಟ್ಟುಕೊಳ್ಳುತ್ತಾನೆ. ಸಮುದ್ರವೆಂದರಂತೂ ಮುಗಿದೇ ಹೋಯಿತು. ಕುಂದುಚಿಯ ದಡದಲ್ಲೇ ಹುಟ್ಟಿ ಬೆಳೆದವನು ಪಾದ ಮುಳುಗುವಷ್ಟು ನೀರಿಗಿಳಿದದ್ದನ್ನು ನಾನು ಕಂಡಿರಲಿಲ್ಲ.

ಇದಕ್ಕೆಲ್ಲ ನಾನು ಅವನಿಗೆ ಮೂವತ್ತು ವರ್ಷ ಬೈದಿದ್ದೇನೆ. ಅವನು ಬೀಗ ಎಳೆದು ನೋಡುವುದನ್ನು ಅಕ್ಕಪಕ್ಕದವರ ಮುಂದೆ ನಟಿಸಿ ತೋರಿಸಿ ನಗಿಸಿದ್ದೇನೆ. ಪುಕ್ಕಲ ಎನ್ನುವುದು ನನ್ನ ಬಾಯಲ್ಲಿ ಅವನ ಇನ್ನೊಂದು ಹೆಸರು. ಹೆದರಿಕೆ ಅವನ ಪಾಲಿಗೆ, ಧೈರ್ಯ ನನ್ನ ಪಾಲಿಗೆ ಬಂದಿದೆ ಎಂದೇ ತಿಳಿದಿದ್ದೆ. ಜಾಂಬಿಯಾದವರು ಬಂದು ಹೋಗುವವರೆಗೆ ಹಾಗೇ ತಿಳಿದಿದ್ದೆ.

ನಮ್ಮ ಮಗಳು ಟುನು ಮದುವೆಯಾಗಿ ಹೋದ ಮೇಲೆ ಅವಳ ಕೋಣೆಯನ್ನು ನಾನು ಊರು ನೋಡಲು ಬರುವವರಿಗೆ ಕೊಡುತ್ತೇನೆ. ಹಿಂದೆ ಹನ್ನೊಂದು ವರ್ಷ ಪ್ರವಾಸಿಗರ ವಸತಿಗೃಹವೊಂದರಲ್ಲಿ ಕೋಣೆ ಗುಡಿಸುತ್ತಿದ್ದೆ. ಅಲ್ಲಿ ಇಂಗ್ಲಿಷ್ ಕಲಿತೆ. ಅದಕ್ಕಿಂತ ಮುಖ್ಯವಾಗಿ ಹೊರಗಿನವರ ಗಂಟೆ ಕಲಿತೆ.

ಗಂಟೆಯ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾವು ಗಂಟೆ ಎಣಿಸುವುದು ಸೂರ್ಯ ಹುಟ್ಟಿದಾಗಿನಿಂದ. ಹುಟ್ಟಿ ಒಂದು ಗಂಟೆಯಾದರೆ ನಮಗೆ ಒಂದು. ಆಗ ಗಡಿಯಾರದಲ್ಲಿ ಏಳಿರುತ್ತದೆ, ಇರಲಿ, ನಾವು ಓದುವುದು ಒಂದು ಎಂದೇ. ನೆತ್ತಿಯ ಮೇಲೆ ಸೂರ್ಯ ಬಂದಾಗ ನಮಗೆ ಆರು. ಹೊರಗಿನವರಿಗೆ ಅದೇ ಹೊತ್ತು ಹನ್ನೆರಡು. ಯಾವಾಗ ನೋಡಿದರೂ ಇಬ್ಬರ ನಡುವೆ ಆರು ಗಂಟೆ ಅಂತರ. ನಮ್ಮ ಬೀದಿಯಲ್ಲಿ ಇದನ್ನು ತಪ್ಪಿಲ್ಲದೆ ತಿರುಗಿಸಿ ಹೇಳುವವಳು ನಾನೊಬ್ಬಳೇ. ಬಸ್ಸಿನ ಚೀಟಿ, ಆಸ್ಪತ್ರೆಯ ಚೀಟಿ, ಏನಿದ್ದರೂ ನನ್ನ ಹತ್ತಿರ ತರುತ್ತಿದ್ದರು. ನನಗೆ ಅದರ ಜಂಬ ಇತ್ತು.

ಬಂದವರು ಮೂವರು. ಕಪೆಂಬ್ವಾ ಮೇಷ್ಟ್ರು, ಎಪ್ಪತ್ತು ದಾಟಿದವರು. ಅವರ ಮಗಳು ಚಿಲೇಶೆ, ಆಸ್ಪತ್ರೆಯಲ್ಲಿ ನರ್ಸು. ಚಿಲೇಶೆಯ ಮಗಳು ಮುಟಾಲೆ, ಎರಡನೇ ತರಗತಿಯ ಹುಡುಗಿ. ಕಸಾಮಾ ಎಂಬ ಊರಿನಿಂದ ರೈಲಿನಲ್ಲಿ ಎರಡು ದಿನ ಕೂತು ಬಂದಿದ್ದರು. ಚಿಲೇಶೆಯ ಜೊತೆ ಕೆಲಸ ಮಾಡುವವಳೊಬ್ಬಳು ಹಿಂದೆ ನನ್ನ ಕೋಣೆಯಲ್ಲಿ ಉಳಿದಿದ್ದಳಂತೆ. ಅವಳು ಹೇಳಿ ಕಳಿಸಿದ್ದು.

ಮೇಷ್ಟ್ರು ಮೂವತ್ತಾರು ವರ್ಷ ಚಿಕ್ಕ ಮಕ್ಕಳಿಗೆ ಗಡಿಯಾರ ನೋಡಲು ಕಲಿಸಿದವರು. ನಿವೃತ್ತಿಯ ದಿನ ಶಾಲೆಯವರು ಕೊಟ್ಟ ಕೈಗಡಿಯಾರ ಕಟ್ಟಿಕೊಂಡಿದ್ದರು. ಒಳಗೆ ಬಂದವರೇ ಅದನ್ನು ನನ್ನ ಗೋಡೆ ಗಡಿಯಾರದ ಪಕ್ಕ ಹಿಡಿದು ನೋಡಿದರು.

"ಸರಿಯಾಗಿದೆ," ಅಂದರು. "ನಿಮ್ಮ ದೇಶ ನಮಗಿಂತ ಒಂದು ಗಂಟೆ ಮುಂದೆ. ಗಡಿ ದಾಟೋವಾಗ್ಲೇ ತಿರುಗಿಸ್ಕೊಂಡೆ."

"ಗಾಬರಿ ಬೇಡ ಮೇಷ್ಟ್ರೇ," ಅಂದೆ. "ನಮ್ಮೂರಲ್ಲಿ ಗಂಟೆ ಬೇರೆ ಥರ ಎಣಿಸ್ತಾರೆ. ಆದ್ರೆ ನಾನು ಎಲ್ಲಾನೂ ನಿಮ್ಮ ಗಂಟೇಲೇ ಬರ್ಕೊಡ್ತೀನಿ."

ಬರೆದುಕೊಡುವುದು ನನ್ನ ಪದ್ಧತಿ. ದಿನಕ್ಕೊಂದು ಹಾಳೆ, ನೀಲಿ ಶಾಯಿಯಲ್ಲಿ. ಮೊದಲ ದಿನ: ಎಂಟಕ್ಕೆ ಕಿಗಂಬೋನಿಗೆ ಹೋಗುವ ದೊಡ್ಡ ದೋಣಿ, ಹತ್ತಕ್ಕೆ ಮೀನಿನ ಮಾರುಕಟ್ಟೆ, ಅಲ್ಲೇ ಕರಿದ ಮೀನು, ಎರಡಕ್ಕೆ ಹಳೆಯ ತಲೆಬುರುಡೆ ಇಟ್ಟಿರುವ ಮ್ಯೂಸಿಯಂ. ಎರಡನೇ ದಿನ: ಎಂಟಕ್ಕೆ ಮರ ಕೆತ್ತುವವರ ಅಂಗಡಿಸಾಲು, ಹತ್ತಕ್ಕೆ ಕುಂದುಚಿಯ ಬೀಬಿ ದಿಬ್ಬ. ಮೂರನೇ ದಿನ: ಕರಿಯಾಕೂ ಮಾರುಕಟ್ಟೆಯಲ್ಲಿ ಕಾಂಗಾ ಬಟ್ಟೆ, ಸಂಜೆ ಕಡಲ ಬದಿಯಲ್ಲಿ ಖಾರ ಹಚ್ಚಿದ ಮರಗೆಣಸು. ಪ್ರತಿ ಹಾಳೆಯನ್ನು ಬೆಳಿಗ್ಗೆ ಅವರ ಕೈಗೆ ಕೊಡುವುದು ಗಂಡನ ಕೆಲಸ. ಅವನಿಗೆ ಇಂಗ್ಲಿಷ್ ಬಾರದು.

ಮೊದಲ ದಿನ ಎಲ್ಲವೂ ನಿಮಿಷ ತಪ್ಪದೆ ನಡೆಯಿತು. ಮೇಷ್ಟ್ರು ಮೊದಲ ಸಲ ಸಮುದ್ರ ಕಂಡರು. ಬೆರಳು ಅದ್ದಿ ನೆಕ್ಕಿ, "ನಿಜವಾಗ್ಲೂ ಉಪ್ಪು," ಅಂದರಂತೆ. ದೋಣಿಯಲ್ಲಿ ನನ್ನ ಗಂಡ ಮುಟಾಲೆಯ ಅಂಗಿಯ ತುದಿ ಬಿಡದೆ ಹಿಡಿದಿದ್ದನಂತೆ. ಮೂವರ ತಲೆಯನ್ನು ಹೆಜ್ಜೆಹೆಜ್ಜೆಗೆ ಎಣಿಸಿದನಂತೆ. ಚಿಲೇಶೆ ಸಂಜೆ ಇದನ್ನೆಲ್ಲ ಹೇಳಿ ನಕ್ಕಳು. ನಾನು ಅವಳಿಗಿಂತ ಜೋರಾಗಿ ನಕ್ಕೆ. ನಿಮ್ಮ ಹಾಳೆ ಗಡಿಯಾರದ ಹಾಗೆ ನಡೆಯುತ್ತೆ ಅಂತ ಮೇಷ್ಟ್ರು ನನ್ನನ್ನು ಹೊಗಳಿದರು.

ಬೀಬಿ ದಿಬ್ಬವೆಂದರೆ ಸಮುದ್ರದೊಳಗಿನ ಮರಳ ದಿಣ್ಣೆ. ನೀರಿಳಿದಾಗ ಎದ್ದು ಕಾಣುತ್ತದೆ, ದಡದಿಂದ ನಡೆದೇ ಹೋಗಬಹುದು. ಸಮುದ್ರದ ನಡುವೆ ನೆಲದ ಮೇಲೆ ನಿಲ್ಲಬೇಕೆಂದು ಮೇಷ್ಟ್ರಿಗೆ ಆಸೆ. ರಾತ್ರಿಯ ಊಟದಿಂದಲೇ ನನ್ನ ಗಂಡನ ಗೋಳು ಶುರುವಾಗಿತ್ತು.

"ಬೇಡ ಕಣೇ, ಸಮುದ್ರ ಬೇಡ," ಅಂದ. "ಹಳ್ಳಿ ಮನೆಗಳ ಮ್ಯೂಸಿಯಂಗೆ ಕರ್ಕೊಂಡು ಹೋಗ್ತೀನಿ. ಅಲ್ಲಿ ಡೋಲು ಕುಣಿತ ಇರುತ್ತೆ, ನೆರಳೂ ಇರುತ್ತೆ."

"ಅವರ ದೇಶದಲ್ಲಿ ಡೋಲಿಲ್ವಾ? ಸಮುದ್ರ ಇಲ್ಲ ಅಂತ ತಾನೆ ಇಷ್ಟು ದೂರ ಬಂದಿರೋದು. ನೀನು ನಿನ್ನ ಅನುಮಾನಾನೆಲ್ಲ ಗಂಟು ಕಟ್ಟಿ ದಿಂಬಿನ ಕೆಳಗಿಟ್ಕೊಂಡು ಮಲ್ಕೊ."

ಬೆಳಿಗ್ಗೆ ಬೆಳಕು ಹರಿಯುತ್ತಲೇ ನಾನು ಕಿಜಕಾಜಿ ಅಜ್ಜಿಯ ಮನೆಗೆ ಓಡಿದೆ. ಆಕೆ ನೀರಿಳಿದಾಗ ದಿಬ್ಬದ ಸುತ್ತ ಚಿಪ್ಪು ಆಯುವವಳು. ನೀರಿನ ಹೊತ್ತು ಆಕೆಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿಲ್ಲ.

"ಹುಣ್ಣಿಮೆ ನೀರು ಕಣೇ," ಅಂದಳು. "ದೂರ ಇಳಿಯುತ್ತೆ, ಬಂದ್ರೆ ಓಡಿ ಬರುತ್ತೆ. ಏಳರೊಳಗೆ ದಡಕ್ಕೆ ಬಂದುಬಿಡ್ಬೇಕು ಅನ್ನು. ಏಳರ ಮೇಲೆ ನಾನೂ ಅಲ್ಲಿ ನಿಲ್ಲಲ್ಲ."

ಆಕೆಯ ಏಳು ನಮ್ಮ ಏಳು. ಅಂದರೆ ಮಧ್ಯಾಹ್ನ, ಹೊರಗಿನವರ ಗಡಿಯಾರದಲ್ಲಿ ಒಂದು. ಅದು ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಮನೆಗೆ ಬಂದರೆ ಒಲೆಯ ಮೇಲೆ ಚಹಾ ಉಕ್ಕುತ್ತಿತ್ತು, ಅತಿಥಿಗಳು ಹೊರಟು ನಿಂತಿದ್ದರು, ಗಂಡ ಬಾಗಿಲಲ್ಲಿ ನಿಂತು ಹಾಳೆ ಹಾಳೆ ಎನ್ನುತ್ತಿದ್ದ. ಪೆನ್ನು ಸಿಗಲಿಲ್ಲ. ಅಲ್ಲೇ ಬಿದ್ದಿದ್ದ ಪೆನ್ಸಿಲ್ಲಿನಿಂದ ಹಾಳೆಯ ಬುಡದಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಗೀಚಿದೆ: ಏಳರೊಳಗೆ ದಡಕ್ಕೆ ವಾಪಸು ಬನ್ನಿ. ಕಿವಿ ಕೇಳಿದ್ದನ್ನು ಕೈ ಬರೆಯಿತು. ನಡುವೆ ತಲೆ ಇರಬೇಕಿತ್ತು, ಅದು ಉಕ್ಕುವ ಚಹಾದ ಕಡೆ ಹೋಗಿತ್ತು.

ಹೊರಡುವಾಗ ಗಂಡ ಇನ್ನೊಂದು ಮಾತು ತೆಗೆದ. ದಡದಲ್ಲಿ ಕಳ್ಳರಿರುತ್ತಾರೆ, ಉಪ್ಪುನೀರು ಬಿದ್ದರೆ ಕೆಡುತ್ತದೆ, ಫೋನುಗಳನ್ನು ಇಲ್ಲೇ ಬಿಟ್ಟುಹೋಗಲಿ ಎಂದು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಇದೊಂದಾದರೂ ಬುದ್ಧಿವಂತಿಕೆಯ ಮಾತು ಎಂದುಕೊಂಡು ಚಿಲೇಶೆಯ ಫೋನನ್ನು ಟುನುವಿನ ಪೆಟ್ಟಿಗೆಯಲ್ಲಿಟ್ಟೆ.

ಮಧ್ಯಾಹ್ನ ಸೂರ್ಯ ನೆತ್ತಿಗೆ ಬಂದು ಸ್ವಲ್ಪ ಹೊತ್ತಾಗಿತ್ತು. ನಾನು ಚಪಾತಿಗೆ ಹಿಟ್ಟು ನಾದುತ್ತಿದ್ದೆ. ಅವರನ್ನು ದಡದಲ್ಲಿಳಿಸಿ ಬಾಡಿಗೆಗೆ ಹೋಗಿದ್ದ ಗಂಡ ಬಂದು ಬಾಗಿಲಲ್ಲಿ ನಿಂತ, ಒಳಗೆ ಬರಲಿಲ್ಲ.

"ಟುನು ಅಮ್ಮ, ಅವರಿಗೆ ಎಷ್ಟೊತ್ತಿಗೆ ವಾಪಸು ಬರೋಕೆ ಬರ್ದಿದೀಯ?"

"ಏಳರೊಳಗೆ. ಹಾಳೆ ಕೊಟ್ಟಿದ್ದು ನೀನೇ ಅಲ್ವಾ?"

"ನಂಗೆಲ್ಲಿ ಓದೋಕೆ ಬರುತ್ತೆ. ಯಾರ ಏಳು?"

"ಏಳು ಅಂದ್ರೆ ಏಳು. ಅದರ ಮೇಲೆ ಯಾರಪ್ಪನ ಹೆಸರು ಬರ್ದಿರುತ್ತೆ?" ಎಂದು ನಕ್ಕೆ.

"ಈಗ ದಡಕ್ಕೆ ಹೋಗಿದ್ದೆ. ಕೈ ಬೀಸಿದೆ. ಅವರೂ ಬೀಸಿದ್ರು. ಮಗು ಕುಣೀತಿತ್ತು. ಹೊರಡೋ ಹಾಗೆ ಕಾಣ್ಲಿಲ್ಲ. ಅದಕ್ಕೇ ಕೇಳ್ತಿದೀನಿ. ನಮ್ಮ ಏಳಾ, ಅವರ ಏಳಾ?"

ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ಪೆನ್ಸಿಲ್ಲಿನ ಸಾಲು ಕಣ್ಣ ಮುಂದೆ ಬಂತು. ಮೇಲಿನ ನೀಲಿ ಸಾಲುಗಳೆಲ್ಲ ಅವರ ಗಂಟೆಯಲ್ಲಿ, ಕೊನೆಯ ಸಾಲು ಮಾತ್ರ ನಮ್ಮದರಲ್ಲಿ. ಅವರ ಏಳು ಬರುವುದು ಸೂರ್ಯ ಮುಳುಗಿದ ಮೇಲೆ. ದಿಬ್ಬ ಮುಳುಗುವುದು ಇನ್ನೊಂದು ಗಂಟೆಯೊಳಗೆ. ಗಂಡ ನನ್ನ ಮುಖ ನೋಡಿದ, ಮತ್ತೆ ಕೇಳಲಿಲ್ಲ. ಕೈಗಂಟಿದ ಹಿಟ್ಟಿನ ಸಮೇತ ನಾನು ಬಜಾಜಿ ಹತ್ತಿದೆ. ಮನೆಗೆ ಬೀಗ ಹಾಕಲಿಲ್ಲ. ಅವನು ತಿರುಗಿಯೂ ನೋಡಲಿಲ್ಲ.

ಆ ದಿನ ಅವನು ಓಡಿಸಿದ ಹಾಗೆ ಬಜಾಜಿ ಓಡಿಸುವುದನ್ನು ನಾನು ನೋಡಿಲ್ಲ. ಕಾಲುದಾರಿಯ ಮೇಲೆ ಹತ್ತಿಸಿದ, ಬಾಳೆಹಣ್ಣಿನ ಗಾಡಿಯೊಂದಕ್ಕೆ ತಗುಲಿಸಿದ, ಯಾರೋ ಬೈದರು. ನಾನು ಕಂಬಿ ಹಿಡಿದು, ದೇವರೇ ಆ ಮಗು, ದೇವರೇ ಆ ಮಗು ಎನ್ನುತ್ತಿದ್ದೆ. ಬೇರೆ ಪ್ರಾರ್ಥನೆ ನೆನಪಿಗೆ ಬರಲಿಲ್ಲ.

ದಡಕ್ಕೂ ದಿಬ್ಬಕ್ಕೂ ನಡುವೆ ಒಂದು ತಗ್ಗಿದೆ. ನೀರಿಳಿದಾಗ ಅಲ್ಲಿ ಮೊಣಕಾಲು ಮುಳುಗುವುದಿಲ್ಲ. ನೀರು ಏರುವಾಗ ಮೊದಲು ತುಂಬುವುದು ಅದೇ. ದಿಬ್ಬದ ಮೇಲೆ ನಿಂತು ಸಮುದ್ರ ನೋಡುವವರಿಗೆ ತಮ್ಮ ಬೆನ್ನ ಹಿಂದೆ ದಾರಿ ಮುಚ್ಚಿದ್ದು ತಿಳಿಯುವುದೇ ಇಲ್ಲ. ನಾವು ಹೋಗುವಷ್ಟರಲ್ಲಿ ತಗ್ಗು ತುಂಬಿ ಹರಿಯುತ್ತಿತ್ತು. ಆಚೆ ದಿಬ್ಬ ಒಂದು ಚಾಪೆಯಷ್ಟು ಉಳಿದಿತ್ತು. ಅದರ ಮೇಲೆ ಮೂರು ಜನ ಒತ್ತಿಕೊಂಡು ನಿಂತಿದ್ದರು. ಚಿಲೇಶೆ ಮಗುವನ್ನು ಸೊಂಟದ ಮೇಲೆತ್ತಿಕೊಂಡಿದ್ದಳು. ಮೇಷ್ಟ್ರು ಕೈ ಎತ್ತಿ ಗಡಿಯಾರ ನೋಡುತ್ತಿದ್ದರು.

ಕಿಜಕಾಜಿ ಅಜ್ಜಿ ಬುಟ್ಟಿ ಬಿಸಾಕಿ ಮೊಣಕಾಲು ನೀರಿನಲ್ಲಿ ನಿಂತು ಕೂಗುತ್ತಿದ್ದಳು. "ದಿಬ್ಬದಿಂದ ವಾಪಸು ಬರೋವಾಗ ನೀರು ನೀರು ಅಂತ ಕೂಗಿ ಹೇಳ್ದೆ ಕಣೇ. ನಕ್ಕು ಕೈ ಬೀಸಿದ್ರು. ನಮ್ಮ ಮಾತು ಬರಲ್ವಾ ಅವರಿಗೆ?"

"ಬರಲ್ಲ," ಅಂದೆ. "ದೋಣಿ ಎಲ್ಲಿ?"

"ದೋಣಿ ಎಲ್ಲಿಂದ ಬರುತ್ತೆ? ಬೆಳಿಗ್ಗೆ ಇಳಿಯೋ ನೀರಿನ ಜೊತೆ ಹೋದವು, ಸಂಜೆ ಬರ್ತವೆ. ಇಲ್ಲಿರೋ ಒಂದಕ್ಕೆ ತಳ ಇಲ್ಲ."

ನನಗೆ ಈಜು ಬರುವುದಿಲ್ಲ. ಗಂಡನಿಗೂ ಬರುವುದಿಲ್ಲ. ಅಜ್ಜಿಗೆ ಎಪ್ಪತ್ತೈದು. ಇನ್ನೊಬ್ಬಳಿದ್ದವಳು ಮರಗೆಣಸು ಕರಿಯುವ ಹೆಂಗಸು, ಅವಳು ಬಾಯಿ ಮುಚ್ಚಿಕೊಂಡು ನಿಂತುಬಿಟ್ಟಿದ್ದಳು. ಅವಳ ಬಾಣಲೆಯ ಹಿಂದೆ ಎಣ್ಣೆಯ ಖಾಲಿ ಹಳದಿ ಕ್ಯಾನುಗಳು ಎರಡಿದ್ದವು. ನನ್ನ ಗಂಡ ಅವನ್ನು ಎತ್ತಿಕೊಂಡು ಬಂದು ನನ್ನ ಮುಂದೆ ಹಿಡಿದ.

"ಮುಚ್ಚಳ ಬಿಗಿ. ನಿನ್ನ ಕಾಂಗಾ ಕೊಡು."

ಹೆಗಲ ಮೇಲಿನ ಕಾಂಗಾ ಬಟ್ಟೆ ಕಿತ್ತು ಎರಡು ಕ್ಯಾನುಗಳ ಹಿಡಿಗೆ ಕಟ್ಟಿದೆ. ಹಿಟ್ಟು ಮೆತ್ತಿದ ಕೈಯಲ್ಲಿ ಗಂಟು ಜಾರುತ್ತಿತ್ತು. ಇಬ್ಬರೂ ಸೇರಿ ಎಳೆದು ಬಿಗಿದೆವು. ಅವನ ಹಲ್ಲು ಕಟಕಟ ಅನ್ನುವುದು ಕೇಳುತ್ತಿತ್ತು.

"ನಂಗೆ ಭಯ ಆಗ್ತಿದೆ, ಟುನು ಅಮ್ಮ."

"ಗೊತ್ತು," ಅಂದೆ. ಮೂವತ್ತು ವರ್ಷದಲ್ಲಿ ಆ ಮಾತಿಗೆ ನಾನು ನಗದೆ ಇದ್ದದ್ದು ಅದೇ ಮೊದಲು.

ಅವನು ಇಳಿದ. ಪಾದ, ಮೊಣಕಾಲು, ಸೊಂಟ. ಅಜ್ಜಿ ಹಿಂದಿನಿಂದ ಕೂಗಿ ದಾರಿ ಹೇಳುತ್ತಿದ್ದಳು. "ಎಡಕ್ಕೆ ಇರು, ಬಲೆ ಕಟ್ಟೋ ಗೂಟಗಳ ಎಡಕ್ಕೆ. ಅಲ್ಲಿ ತಳ ಗಟ್ಟಿ. ಬಲಕ್ಕೆ ಹೋಗಬೇಡ." ತಗ್ಗಿನ ನಡುವೆ ಬಂದಾಗ ನೀರು ಅವನ ಎದೆಗೆ ಬಂತು. ಅಲ್ಲಿ ಅವನು ನಿಂತುಬಿಟ್ಟ. ನಿಂತೇ ಇದ್ದ. ತಿರುಗಿ ಬರುತ್ತಾನೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ತಿರುಗಿ ಬರಲಿ ಎಂದು ಮನಸ್ಸು ಒಂದು ಗಳಿಗೆ ಬೇಡಿಕೊಂಡಿತು. ಅವನಪ್ಪನನ್ನು ತೆಗೆದುಕೊಂಡ ನೀರು ಇದೇ. ಅವನೂ ಹೋದರೆ ನಾಲ್ಕು ಜನ. ಒಂದು ಪೆನ್ಸಿಲ್ ಸಾಲಿನಿಂದ ನಾನು ಕೊಂದ ನಾಲ್ಕು ಜನ. ಅವನು ಕ್ಯಾನುಗಳನ್ನು ಅಪ್ಪಿಕೊಂಡು ಮತ್ತೆ ಮುಂದೆ ಹೆಜ್ಜೆಯಿಟ್ಟ.

ದಿಬ್ಬ ಮುಟ್ಟಿದಾಗ ಅಲ್ಲಿ ಒಣನೆಲ ಉಳಿದಿರಲಿಲ್ಲ. ಮಾತು ಬಾರದವನು ಏನು ಹೇಳಿದನೋ, ಹೇಗೆ ಹೇಳಿದನೋ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ. ಒಂದೊಂದು ಕ್ಯಾನನ್ನು ಮೇಷ್ಟ್ರ ಎದೆಗೂ ಚಿಲೇಶೆಯ ಎದೆಗೂ ಕೊಟ್ಟ, ನಡುವಿನ ಕಾಂಗಾವನ್ನು ತನ್ನ ಮುಷ್ಟಿಗೆ ಸುತ್ತಿಕೊಂಡ. ಹಾಗೇ ಹೊರಟರು. ಬರುವಾಗ ತಗ್ಗಿನಲ್ಲಿ ನೀರು ಅವನ ಗಲ್ಲಕ್ಕೆ ಬಂದಿತ್ತು. ಒಂದು ಅಲೆಗೆ ಅವನ ತಲೆ ಕಾಣದಾಯಿತು. ನೀರಿನ ಮೇಲೆ ಕೂತ ಹಾಗೆ ಮಗು ಮಾತ್ರ ಕಾಣುತ್ತಿತ್ತು. ನಾನು ಕಿರುಚಿದ್ದು ನನಗೇ ಕೇಳಲಿಲ್ಲ. ಆಮೇಲೆ ಅವನ ತಲೆ ಮೇಲೆ ಬಂತು, ಬಾಯಿಂದ ನೀರು ಉಗುಳಿದ. ಕಿಜಕಾಜಿ ಅಜ್ಜಿ ಎದೆಮಟ್ಟ ನೀರಿಗಿಳಿದು ಕೋಲು ಚಾಚಿದಳು. ಮೇಷ್ಟ್ರು ಅದನ್ನು ಹಿಡಿದರು.

ದಡಕ್ಕೆ ಬಂದು ಎಲ್ಲರೂ ಮರಳಿನ ಮೇಲೆ ಬಿದ್ದುಕೊಂಡರು. ಮಗು ಅಳುತ್ತಿರಲಿಲ್ಲ. ನನ್ನ ಗಂಡನ ಕೂದಲನ್ನು ಎರಡು ಕೈಯಲ್ಲಿ ಹಿಡಿದದ್ದನ್ನು ಬಿಡುತ್ತಿರಲಿಲ್ಲ, ಬಿಡಿಸಬೇಕಾಯಿತು. ಮೇಷ್ಟ್ರು ಗಡಿಯಾರ ಒರೆಸಿ ನೋಡಿದರು. ಒಂದು ಗಂಟೆ ಹತ್ತು ನಿಮಿಷ. ನಮ್ಮ ಲೆಕ್ಕಕ್ಕೆ ಏಳು ಹತ್ತು.

"ಏಳು ಅಂತ ಬರೆದಿತ್ತು," ಅಂದರು. "ನೀರು ಕಾಲಿಗೆ ಬಂದಾಗ ಮಗಳು ಹೋಗೋಣ ಅಂದ್ಲು. ಇನ್ನೂ ಆರು ಗಂಟೆ ಇದೆಯಮ್ಮ, ಹಾಳೆ ಸುಳ್ಳು ಹೇಳಲ್ಲ ಅಂದೆ. ನಾನೇ ಅಂದೆ."

ಚಿಲೇಶೆ ಎದ್ದು ನಿಂತಳು. ಅವಳ ಮುಷ್ಟಿಯಲ್ಲಿ ಹಾಳೆ ಒದ್ದೆ ಮುದ್ದೆಯಾಗಿತ್ತು. "ಪೆನ್ಸಿಲ್ಲಲ್ಲಿ ಬರೆದವರು ಯಾರು? ಪೆನ್ನಲ್ಲಿ ಬರೆದಿದ್ದೆಲ್ಲ ಸರಿ ಇತ್ತು. ಆ ಕೊನೇ ಸಾಲು ಯಾರು ಬರೆದಿದ್ದು?"

ಗೆಣಸಿನ ಹೆಂಗಸು ನೋಡುತ್ತಿದ್ದಳು, ಅಜ್ಜಿ ನೋಡುತ್ತಿದ್ದಳು. ಬಾಯಿ ತೆರೆದರೆ ಸಾಕಿತ್ತು. ನಾನು ತೆರೆಯಲಿಲ್ಲ. ನನ್ನ ಗಂಡನಿಗೆ ಪ್ರಶ್ನೆ ಅರ್ಥವಾಗಲಿಲ್ಲ, ಆದರೆ ಹಾಳೆ ಕಂಡಿತು, ನನ್ನ ಮುಖ ಕಂಡಿತು. ಮಂಡಿಯೂರಿ ಎದ್ದು ಅವಳ ಕೈಯಿಂದ ಆ ಮುದ್ದೆ ತೆಗೆದುಕೊಂಡು ತನ್ನ ಜೇಬಿಗೆ ಹಾಕಿಕೊಂಡ. ಎದೆಗೆ ಎರಡು ಸಲ ಬಡಿದುಕೊಂಡು ತಾನು, ತಾನು ಎಂದು ತೋರಿಸಿದ.

ಅವಳು ಬೈದ ಬೈಗುಳವನ್ನು ನಾನು ಇಲ್ಲಿ ಹೇಳುವುದಿಲ್ಲ. ನನ್ನ ಮಗು ಸಾಯುತ್ತಿತ್ತು, ದಡ್ಡ, ಗಂಟೆ ನೋಡಲು ಬಾರದವನು ಜನರನ್ನು ಯಾಕೆ ಕರೆದುಕೊಂಡು ಹೋಗುತ್ತೀಯ ಎಂದೆಲ್ಲ. ಒಂದೊಂದು ಮಾತೂ ನನಗೆ ಅರ್ಥವಾಯಿತು, ಅವನಿಗೆ ಒಂದೂ ಆಗಲಿಲ್ಲ. ತಲೆ ತಗ್ಗಿಸಿ ನಿಂತಿದ್ದ. ಅಷ್ಟು ಬಿಸಿಲಿನಲ್ಲಿ ಗಡಗಡ ನಡುಗುತ್ತಿದ್ದ.

ಸಂಜೆ ಅವನಿಗೆ ಶುಂಠಿ ಚಹಾ ಕೊಟ್ಟು ಕೇಳಿದೆ. "ಯಾಕೆ ಹಾಗೆ ಮಾಡ್ದೆ?"

"ನಿನ್ನದು ಅಂತ ಗೊತ್ತಾದ್ರೆ ನಿನ್ನ ಮನೇಲಿ ಉಳೀತಾರಾ? ಒದ್ದೆ ಮಗು ಕಟ್ಕೊಂಡು ಎಲ್ಲಿಗೆ ಹೋಗ್ತಾರೆ? ನಂದು ಅಂದ್ರೆ ಏನಾಯ್ತು, ಬಜಾಜಿ ಹತ್ತಲ್ಲ ಅಷ್ಟೆ."

ಮೂರನೇ ದಿನದ ಹಾಳೆಯನ್ನು ಅವರು ಕೇಳಲಿಲ್ಲ. ಇಡೀ ದಿನ ಕೋಣೆಯಲ್ಲೇ ಕೂತಿದ್ದರು. ನಾನು ಊಟ ಒಯ್ದಾಗ ಚಿಲೇಶೆ ನನ್ನ ಕೈ ಹಿಡಿದು, ನೀವು ಒಳ್ಳೆಯವರು, ಅಂಥವನ ಜೊತೆ ಹೇಗೆ ಬಾಳುತ್ತೀರೋ ಅಂದಳು. ನಾನು ತಟ್ಟೆ ಇಟ್ಟು ಹೊರಗೆ ಬಂದೆ. ಆ ದಿನ ಹೊರಗೆ ಬೀದಿಯಲ್ಲಿ ಯಾರೋ ಗಂಟೆ ಎಷ್ಟು ಎಂದು ಕೇಳಿದರು. ನನಗೆ ಹೇಳಲು ಧೈರ್ಯವಾಗಲಿಲ್ಲ.

ನಾಲ್ಕನೇ ದಿನ ಅವರ ರೈಲು. ಚೀಟಿಯಲ್ಲಿ ಮೂರು ಗಂಟೆ ಎಂದಿತ್ತು. ಅದು ಮಧ್ಯಾಹ್ನದ ಮೂರು, ನಮ್ಮ ಒಂಬತ್ತು. ಬೆಳಿಗ್ಗೆ ಏಳುವಷ್ಟರಲ್ಲಿ ನನ್ನ ಗಂಡ ಬಜಾಜಿ ಒರೆಸಿ ಬಾಗಿಲಲ್ಲಿ ನಿಲ್ಲಿಸಿದ್ದ. ನಮ್ಮ ಮೂರಕ್ಕೆ, ಅಂದರೆ ಅವರ ಒಂಬತ್ತಕ್ಕೇ ನಿಲ್ದಾಣದಲ್ಲಿರಬೇಕು ಎಂದ.

"ಯಾರ ಮೂರಾದ್ರೂ ಇರ್ಲಿ," ಅಂದ. "ಎರಡಕ್ಕೂ ಅಲ್ಲಿರೋಣ."

ನಾನು ಎದುರಾಡದೆ ಹಾಗೇ ಇಂಗ್ಲಿಷಿಗೆ ತಿರುಗಿಸಿದೆ. ಇವನ ಗಾಡಿ ಹತ್ತುವುದಿಲ್ಲ ಎಂದು ಚಿಲೇಶೆ ತಿರುಗಿ ನಿಂತಳು. ಮೇಷ್ಟ್ರು ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡರು. "ಹತ್ತಮ್ಮ. ಬೇಗ ಹೋಗಿ ಕೂತ್ರೆ ಯಾರೂ ಮುಳುಗಲ್ಲ."

ಹೀಗೆ ನಾವು ಐವರು ರೈಲು ನಿಲ್ದಾಣದ ಬೆಂಚಿನ ಮೇಲೆ ಆರು ಗಂಟೆ ಕಾಯಲು ಕೂತೆವು. ಎದುರಿಗೆ ದೊಡ್ಡ ಗಡಿಯಾರ. ಮುಟಾಲೆ ಬಂದು ನನ್ನ ಗಂಡನ ತೊಡೆಯ ಮೇಲೆ ಕೂತಳು. ಚಿಲೇಶೆ ಅವಳನ್ನು ಎಳೆದು ತನ್ನ ಪಕ್ಕ ಕೂರಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಮಗು ಮತ್ತೆ ಹೋಯಿತು, ಮತ್ತೆ ಎಳೆದಳು. ಮೂರನೇ ಸಲ ಎಳೆಯುವಾಗ ಅವನು ತಾನಾಗಿಯೇ ಎದ್ದು, ಬೆಂಚು ಬಿಟ್ಟು ಕಂಬದ ಹತ್ತಿರ ನೆಲದ ಮೇಲೆ ಕೂತ.

ಅದನ್ನು ನೋಡಿ ತಡೆಯಲಾಗಲಿಲ್ಲ. ಎದೆ ಎಷ್ಟು ಹೊಡೆದುಕೊಳ್ಳುತ್ತಿತ್ತೆಂದರೆ ನೀರು ಕಂಡಾಗ ಅವನಿಗೆ ಏನಾಗುತ್ತಿತ್ತೋ ಅದು ನನಗೆ ಆಗ ತಿಳಿಯಿತು.

"ಮುಟಾಲೆ ಅಮ್ಮ," ಅಂದೆ. "ಪೆನ್ಸಿಲ್ಲಲ್ಲಿ ಬರೆದಿದ್ದು ನಾನು. ಅವನಿಗೆ ಇಂಗ್ಲಿಷ್ ಬರೆಯೋಕೂ ಬರಲ್ಲ, ಓದೋಕೂ ಬರಲ್ಲ. ನಮ್ಮ ಏಳನ್ನ ನಿಮ್ಮ ಏಳಾಗಿ ತಿರುಗಿಸೋದು ಮರೆತೆ. ಅವನು ಬಂದು ಯಾರ ಏಳು ಅಂತ ಕೇಳಿದ್ದಕ್ಕೇ ನೀವು ಇಲ್ಲಿ ಕೂತಿದೀರ. ಅವನಿಗೆ ಈಜು ಬರಲ್ಲ. ಅವನಪ್ಪ ಹೋಗಿದ್ದು ಅದೇ ನೀರಿಗೆ."

ಕಂಬದ ಹತ್ತಿರ ಕೂತವನಿಗೆ ನಾನು ಏನು ಹೇಳುತ್ತಿದ್ದೇನೆಂದು ಗೊತ್ತಾಗಿಹೋಯಿತು. "ಸುಮ್ನಿರೇ," ಅಂದ ಗಾಬರಿಯಿಂದ. "ಹೋಗ್ತಿರೋ ಜನ, ಯಾಕೆ ಈಗ."

ಚಿಲೇಶೆ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಕಣ್ಣಿನಲ್ಲಿ ಸಿಟ್ಟು ಬಂತು, ಹೋಯಿತು, ಮತ್ತೆ ಬಂತು. ನಾನು ಬೈಗುಳಕ್ಕೆ ಕಾದೆ. ಅವಳು ಎದ್ದು ಹೋಗಿ ನನ್ನ ಗಂಡನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಕೇಳಿ ಅವರನ್ನ," ಅಂದಳು ನನಗೆ. "ನಾನು ಅಷ್ಟು ಕೆಟ್ಟದಾಗಿ ಬೈದೆ. ಯಾಕೆ ಸುಮ್ನೆ ಬೈಸಿಕೊಂಡ್ರು?"

ನಾನು ಕೇಳಿದೆ. ಅವನು ನೆಲ ನೋಡುತ್ತ, ತಪ್ಪು ಮಾಡಿದವನ ಹಾಗೆ, ಮೆಲ್ಲಗೆ ಒಂದು ಮಾತು ಹೇಳಿದ. ಚಿಲೇಶೆ ನನ್ನತ್ತ ತಿರುಗಿದಳು. ಮೇಷ್ಟ್ರೂ ತಿರುಗಿದರು.

"ಏನಂದ್ರು?"

ಆ ಜಾಗದಲ್ಲಿ ಎರಡೂ ಮಾತು ಬಲ್ಲವಳು ನಾನೊಬ್ಬಳೇ. ಬೇರೇನಾದರೂ ಹೇಳಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಈ ಸಲ ಒಂದಕ್ಷರ ಬಿಡದೆ ತಿರುಗಿಸಿದೆ.

"ನಂಗೆ ಬೈಸಿಕೊಂಡು ಅಭ್ಯಾಸ ಇದೆ, ಅವಳಿಗಿಲ್ಲ, ಅಂತ."

ಮುಟಾಲೆ ಎದ್ದುಹೋಗಿ ಅವನ ತೊಡೆಯ ಮೇಲೆ ಕೂತಳು, ಅವಳಮ್ಮ ಎಳೆಯಲಿಲ್ಲ. ಎದುರಿನ ಗಡಿಯಾರದಲ್ಲಿ ಹತ್ತಾಗಿತ್ತು, ನಮ್ಮ ನಾಲ್ಕು. ರೈಲಿಗೆ ಇನ್ನೂ ಐದು ಗಂಟೆ ಇತ್ತು. ನಾನು ಬುಟ್ಟಿ ಬಿಚ್ಚಿ ಚಪಾತಿ ತೆಗೆದೆ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿದೆ, ಮೊದಲ ಲೋಟವನ್ನು ಕಂಬದ ಹತ್ತಿರ ಒಯ್ದು ಕೊಟ್ಟೆ. ಬಿಸಿ ಇದೆಯೋ ಏನೋ ಎಂದು ಅವನು ಎಂದಿನಂತೆ ತುದಿನಾಲಿಗೆ ತಾಗಿಸಿ ನೋಡಿದ. ನಾನು ಅವನ ಪಕ್ಕದಲ್ಲಿ ನೆಲದ ಮೇಲೆ ಕೂತು, ಅದು ಆರುವವರೆಗೆ ಕಾದೆ.